ಪರದೇಶಿಗಳ ಮಕ್ಕಳಿಗೊಂದು ಶಾಲೆ

ಕಲಬುರಗಿಯಿಂದ ಸೇಡಂ ಕಡೆಗೆ ಹೊರಟರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಅದರ ನೆರೆಯಲ್ಲೇ ಆದಿತ್ಯನಗರ. 1980ರ ದಶಕದಲ್ಲಿ ರಾಜಶ್ರೀ ಸಿಮೆಂಟ್ ಕಾರ್ಖಾನೆಯೊಂದಿಗೆ ಬೆಳೆದ ಊರು ಇದು. ವಾಡಿಯೂ ಶಹಾಬಾದವೂ ಇದಕ್ಕಿಂತ ಹಳೆಯ ಸಿಮೆಂಟ್ ಊರುಗಳು. ಈ ನೆಲದಡಿಯ ಸುಣ್ಣಕಲ್ಲು ಹೊರಗಿನವರನ್ನು ಕರೆಯುತ್ತಲೇ ಇದೆ. ಇಂಜಿನಿಯರು ಬರುತ್ತಾನೆ, ಲೆಕ್ಕಪತ್ರದವನು ಬರುತ್ತಾನೆ. ಮನೆ ಸಿಕ್ಕ ಮರುದಿನವೇ ಅವರ ಹೆಂಡತಿ ಕೇಳುವ ಪ್ರಶ್ನೆ ಒಂದೇ: ಮಕ್ಕಳ ಶಾಲೆ ಎಲ್ಲಿ?

ಈ ಪ್ರಶ್ನೆಗೆ ಇಂದು ಬೆಂಗಳೂರು ಕೊಡುವ ಉತ್ತರ ಇಂಟರ್‌ನ್ಯಾಶನಲ್ ಸ್ಕೂಲ್. ವಿದೇಶಿ ಕಂಪೆನಿಗಳ ಅಧಿಕಾರಿಗಳ ಮಕ್ಕಳು, ವಿದೇಶದಿಂದ ಮರಳಿದ ನಮ್ಮವರ ಮಕ್ಕಳು ಅಲ್ಲಿ ಓದುತ್ತಾರೆ. ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ ಡೇ ಸ್ಕೂಲ್, ಅಲ್ಲೇ ಉಳಿಯುವವರಿಗೆ ಬೋರ್ಡಿಂಗ್. ಪಠ್ಯಕ್ರಮ ಬ್ರಿಟಿಷ್ ಮಾದರಿಯದು, ಪರೀಕ್ಷೆ ಕೇಂಬ್ರಿಜ್‌ನದು. ಇದೆಲ್ಲ ಜಾಗತೀಕರಣದ ಕೊಡುಗೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಿಜವೇ? ಉತ್ತರ ಹುಡುಕಲು ನಾವು ಮಳಖೇಡವನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ.

ಇಂದಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅರಬ್ ಬರಹಗಾರರು ಇದನ್ನು ‘ಮಾನ್ಕೀರ್’ ಎಂದು ಬರೆದರು, ಇಲ್ಲಿನ ದೊರೆಯನ್ನು ‘ಬಲ್ಹರಾ’ ಎಂದು ಕರೆದರು. ವರ್ತಕ ಸುಲೈಮಾನನ ಹೆಸರಿನಲ್ಲಿರುವ ಕ್ರಿ.ಶ. 851ರ ವೃತ್ತಾಂತ ಬಲ್ಹರಾನನ್ನು ಜಗತ್ತಿನ ನಾಲ್ಕು ಮಹಾದೊರೆಗಳಲ್ಲಿ ಒಬ್ಬನೆಂದು ಎಣಿಸುತ್ತದೆ. ಬಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೋಮಿನ ದೊರೆ, ಆಮೇಲೆ ನಮ್ಮ ಮಳಖೇಡದ ದೊರೆ! ಇತಿಹಾಸಕಾರ ಮಸ್‌ಊದಿ ಕ್ರಿ.ಶ. 916ರಲ್ಲಿ ಈ ರಾಜ್ಯದ ರೇವುಪಟ್ಟಣವಾದ ಸೈಮೂರಿಗೆ, ಅಂದರೆ ಇಂದಿನ ಮಹಾರಾಷ್ಟ್ರದ ಚೌಲ್‌ಗೆ, ಬಂದಿದ್ದ. ಅಲ್ಲಿ ಸುಮಾರು 10,000 ಮುಸ್ಲಿಮರು ನೆಲೆಸಿದ್ದರೆಂದು ಬರೆದಿದ್ದಾನೆ. ಸೀರಾಫ್, ಒಮಾನ್, ಬಸ್ರಾ, ಬಗ್ದಾದ್‌ಗಳಿಂದ ಬಂದವರು ಅವರು. ಅವರ ವ್ಯವಹಾರ ನೋಡಿಕೊಳ್ಳಲು ಅವರಲ್ಲೇ ಒಬ್ಬನನ್ನು ದೊರೆ ನೇಮಿಸುತ್ತಿದ್ದ. ಇಲ್ಲೇ ಹುಟ್ಟಿದ ಅವರ ಮಕ್ಕಳಿಗೆ ‘ಬಯಾಸಿರ’ ಎಂಬ ಪ್ರತ್ಯೇಕ ಹೆಸರೇ ಇತ್ತು. ತಂದೆಯ ಊರು ಒಂದು, ಹುಟ್ಟಿದ ಊರು ಇನ್ನೊಂದು ಎಂಬ ಮಕ್ಕಳು ನಮ್ಮ ಕಾಲದ ಸೃಷ್ಟಿಯೇನಲ್ಲ.

ಆ ಹೊರಗಿನವರು ಬರೇ ವ್ಯಾಪಾರ ಮಾಡಿ ಹೋದವರೂ ಅಲ್ಲ. ಕ್ರಿ.ಶ. 926ರ ಚಿಂಚಣಿ ತಾಮ್ರಶಾಸನ ಮುಹಮ್ಮದ್ ಎಂಬ ಅರಬನ ವಿಷಯ ಹೇಳುತ್ತದೆ. ಶಾಸನಕಾರ ಅವನ ಹೆಸರನ್ನು ‘ಮಧುಮತಿ’ ಎಂದು ಸಂಸ್ಕೃತಕ್ಕೆ ಒಗ್ಗಿಸಿಕೊಂಡಿದ್ದಾನೆ. ರಾಷ್ಟ್ರಕೂಟರ ಪರವಾಗಿ ಸಂಜಾಣ ಪ್ರದೇಶವನ್ನು ಆಳುತ್ತಿದ್ದ ಈತ ಹೊಳೆ ದಾಟಲು ಉಚಿತ ದೋಣಿಯನ್ನೂ ದಾರಿಹೋಕರಿಗೆ ಅನ್ನಸತ್ರವನ್ನೂ ಏರ್ಪಡಿಸಿದ. ದೇವಿಯ ಮಠವೊಂದಕ್ಕೆ ಭೂಮಿ ದಾನವಾಗಲು ಒಪ್ಪಿಗೆ ಕೊಟ್ಟ. ಹಿಂದೂ-ಮುಸ್ಲಿಂ ಸಂಬಂಧವೆಂದರೆ ಯುದ್ಧವೊಂದೇ ಎಂದು ಓದಿ ಬೆಳೆದವರಿಗೆ ಈ ತಾಮ್ರಪಟ ಸ್ವಲ್ಪ ಇರುಸುಮುರುಸು ತಂದೀತು.

ಇನ್ನು ಶಾಲೆಯ ವಿಷಯ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವಿದೆ. ಮಾನ್ಯಖೇಟದಲ್ಲಿ ಮೂರನೆಯ ಕೃಷ್ಣ ಆಳುತ್ತಿದ್ದಾಗ ಅವನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ. ನಾನಾ ಜನಪದಗಳಲ್ಲಿ ಹುಟ್ಟಿದ ವಿದ್ಯಾರ್ಥಿಗಳು ಅಲ್ಲಿದ್ದರೆಂದು ಶಾಸನ ಹೇಳುತ್ತದೆ. ಅವರ ವಾಸಕ್ಕೆ 27 ನಿವೇಶನಗಳು. ರಾತ್ರಿ ಓದಲು ದೀಪ ಬೇಕಲ್ಲವೇ? ಅದಕ್ಕೆಂದೇ 12 ನಿವರ್ತನ ಭೂಮಿ. ನಮಗೆ ಇದಕ್ಕಿಂತ ಹೆಚ್ಚು ಹಿಡಿಸುವುದು ಊರವರು ಹೊತ್ತ ಪಾಲು. ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಇದು ಶಾಲೆಗೆ ಸಲ್ಲಬೇಕು. ಔತಣ ನಡೆದರೆ ಕೈಲಾದಷ್ಟು ಮಂದಿ ಗುರುಶಿಷ್ಯರಿಗೆ ಉಣಿಸಬೇಕು. ಎಲ್ಲಿಂದಲೋ ಬಂದ ಹುಡುಗನ ಊಟದ ಭಾರವನ್ನು ಊರು ತನ್ನ ಸಂಭ್ರಮದಲ್ಲಿ ಸೇರಿಸಿಕೊಂಡಿತ್ತು.

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಇಂಥದೇ ಘಟಿಕಾಸ್ಥಾನವಿತ್ತು. ಕಲ್ಯಾಣ ಚಾಲುಕ್ಯ ಮೊದಲನೆಯ ಸೋಮೇಶ್ವರನ ಕಾಲದ, ಕ್ರಿ.ಶ. 1058ರ ಶಾಸನ ಅದರ ವ್ಯವಸ್ಥೆಯನ್ನು ವಿವರಿಸುತ್ತದೆ. ದಂಡನಾಯಕ ಮಧುಸೂದನ ನಡೆಸಿದ ಆ ವಿದ್ಯಾಲಯದಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಪುಸ್ತಕ ಕಾಯಲು ಆರು ಮಂದಿ ‘ಸರಸ್ವತೀ ಭಂಡಾರಿಗರು’. ಸಾವಿರ ವರ್ಷದ ಹಿಂದೆ ಚಿತ್ತಾಪುರ ತಾಲ್ಲೂಕಿನಲ್ಲಿ ಆರು ಗ್ರಂಥಪಾಲಕರು! ಇಂದು ಆ ತಾಲ್ಲೂಕಿನ ಎಷ್ಟು ಹೈಸ್ಕೂಲುಗಳಲ್ಲಿ ಒಬ್ಬನಾದರೂ ಇದ್ದಾನೆ? ಹಾಗೆಂದು ಈ ಶಾಲೆಗಳನ್ನು ಆದರ್ಶವೆಂದು ಹೊಗಳಿ ಮುಗಿಸುವುದೂ ಸರಿಯಲ್ಲ. ಅಲ್ಲಿ ಓದಿದವರು ವೇದ ಓದುವ ಹಕ್ಕಿದ್ದವರ ಗಂಡುಮಕ್ಕಳು. ದೂರದೇಶದ ಬ್ರಾಹ್ಮಣ ಹುಡುಗನಿಗೆ ತೆರೆದ ಬಾಗಿಲು ಪಕ್ಕದ ಕೇರಿಯ ಹುಡುಗನಿಗೆ ತೆರೆದಿರಲಿಲ್ಲ.

ಹೊರಗಿನವನೇ ಕಟ್ಟಿದ ಶಾಲೆಯನ್ನು ನೋಡಬೇಕಾದರೆ ಬೀದರಿಗೆ ಹೋಗಬೇಕು. ಇರಾನಿನ ಗೀಲಾನ್ ಪ್ರದೇಶದ ಮಹಮೂದ್ ಗವಾನ್ ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. 1472ರಲ್ಲಿ ಅವನ ಮದ್ರಸಾ ಪೂರ್ತಿಗೊಂಡಿತು. ಮೂರು ಅಂತಸ್ತು, ಬಣ್ಣದ ಹೆಂಚುಗಳ ಗೋಡೆ, ಮಸೀದಿ, ಉಪನ್ಯಾಸ ಶಾಲೆಗಳು, ವಿದ್ಯಾರ್ಥಿಗಳ ಕೋಣೆಗಳು. 3,000 ಹಸ್ತಪ್ರತಿಗಳ ಗ್ರಂಥಾಲಯವಿತ್ತೆಂಬುದು ಪ್ರತೀತಿ. ವಿದ್ಯಾರ್ಥಿಗಳಿಗೆ ಊಟ ವಸತಿ ಉಚಿತ. ಪರ್ಶಿಯಾದ ಮಹಾಕವಿ ಜಾಮಿಗೂ ಗವಾನನಿಗೂ ಪತ್ರವ್ಯವಹಾರವಿತ್ತು. ಬೀದರಿಗೆ ಬರಬೇಕೆಂದು ಗವಾನ್ ಆಹ್ವಾನಿಸಿದ, ಜಾಮಿ ಬರಲಿಲ್ಲ. ವಿದೇಶಿ ಪ್ರೊಫೆಸರುಗಳನ್ನು ಕರೆಸುವ ಹಂಬಲ, ಅವರು ನಯವಾಗಿ ನಿರಾಕರಿಸುವ ಪರಿ, ಎರಡೂ ಹಳೆಯವು!

ಆದರೆ ಹೊರಗಿನವರು ಮತ್ತು ಸ್ಥಳೀಯರ ನಡುವಿನ ಒಡಕು ಆಗ ಬಹಮನಿ ಆಸ್ಥಾನವನ್ನು ಕೊರೆಯುತ್ತಿತ್ತು. ಒಂದು ಕಡೆ ‘ಆಫಾಕಿ’ಗಳು, ಅಂದರೆ ಪರ್ಶಿಯಾ, ತುರ್ಕಿ, ಅರಬ್ ಕಡೆಯಿಂದ ಬಂದವರು. ಇನ್ನೊಂದು ಕಡೆ ‘ದಖನಿ’ಗಳು. ಒಂದೇ ಧರ್ಮದವರೆಂಬ ಕಾರಣಕ್ಕೆ ಈ ಜಗಳ ನಿಲ್ಲಲಿಲ್ಲ. ಕೊನೆಗೆ ವಿರೋಧಿಗಳು ಗವಾನನ ಮುದ್ರೆಯಿದ್ದ ಖೋಟಾ ಪತ್ರವೊಂದನ್ನು ಸುಲ್ತಾನನ ಮುಂದಿಟ್ಟರು. 1481ರಲ್ಲಿ ಮೂರನೆಯ ಮುಹಮ್ಮದ್ ಶಾಹ ಅವನ ತಲೆ ಕಡಿಸಿದ. ಮದ್ರಸಾ ಅವನ ನಂತರವೂ ಉಳಿಯಿತು. ಔರಂಗಜೇಬನ ಕಾಲದಲ್ಲಿ ಸ್ಫೋಟವೊಂದರಲ್ಲಿ ಅದರ ಒಂದು ಭಾಗ ಕುಸಿಯಿತು, ಉಳಿದದ್ದನ್ನು ಇಂದೂ ನೋಡಬಹುದು.

ಬ್ರಿಟಿಷ್ ಮಾದರಿಯ ಬೋರ್ಡಿಂಗ್ ಶಾಲೆ ಹುಟ್ಟಿದ್ದು ಬೇರೊಂದು ನೋವಿನಿಂದ. ಇಲ್ಲಿದ್ದ ಆಂಗ್ಲ ಅಧಿಕಾರಿಗಳೂ ಪಾದ್ರಿಗಳೂ ಮಕ್ಕಳನ್ನು ಐದಾರು ವರ್ಷಕ್ಕೇ ಹಡಗು ಹತ್ತಿಸಿ ಯುರೋಪಿಗೆ ಕಳುಹಿಸುತ್ತಿದ್ದರು. ಇಲ್ಲಿನ ಹವೆ ಆಗದು, ಇಲ್ಲಿನ ಮಾತು ನಾಲಿಗೆಗೆ ಅಂಟೀತು ಎಂಬ ಭಯ. ಮಂಗಳೂರನ್ನು ಕೇಂದ್ರ ಮಾಡಿಕೊಂಡಿದ್ದ ಬಾಸೆಲ್ ಮಿಶನ್ ತನ್ನ ಪಾದ್ರಿಗಳ ಮಕ್ಕಳಿಗಾಗಿ 1853ರಲ್ಲಿ ಬಾಸೆಲ್ ನಗರದಲ್ಲಿ ಮಕ್ಕಳ ಮನೆಯನ್ನೇ ತೆರೆಯಿತು. ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್‌ರ ಮಗಳು ಮಾರಿ 1842ರಲ್ಲಿ ಅಲ್ಲೇ ಹುಟ್ಟಿದವಳು. ಎಳವೆಯಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟುಬಂದರು. ಮತ್ತೆ ಹೆತ್ತವರ ಬಳಿ ಭಾರತಕ್ಕೆ ಬಂದದ್ದು ಹದಿಹರೆಯದಲ್ಲಿ. ಅವಳ ಮಗನೇ ನೊಬೆಲ್ ಪ್ರಶಸ್ತಿ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ. 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ರುಡ್ಯಾರ್ಡ್ ಕಿಪ್ಲಿಂಗ್‌ನನ್ನೂ ಐದು ವರ್ಷಕ್ಕೇ ಇಂಗ್ಲೆಂಡಿನ ಪರರ ಮನೆಯಲ್ಲಿ ಬಿಟ್ಟರು. ಅಲ್ಲಿ ಪಟ್ಟ ಸಂಕಟವನ್ನು ಅವನು ಕೊನೆವರೆಗೂ ಮರೆಯಲಿಲ್ಲ.

ಹಡಗಿನ ಖರ್ಚು ಕೊಡಲಾಗದ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಏನು ಮಾಡಬೇಕು? 1857ರ ದಂಗೆಯ ನಂತರ ಕಲ್ಕತ್ತೆಯ ಬಿಷಪ್ ಜಾರ್ಜ್ ಕಾಟನ್ ಈ ಪ್ರಶ್ನೆ ಎತ್ತಿದರು. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಥಾಮಸ್ ಆರ್ನಾಲ್ಡ್‌ರ ಕೈಕೆಳಗೆ ಪಾಠ ಮಾಡಿದ್ದ ಅವರಿಗೆ ಆ ಪದ್ಧತಿಯ ಮೇಲೆ ಪೂರ್ಣ ನಂಬಿಕೆ. ಪ್ರಾರ್ಥನಾ ಮಂದಿರ, ‘ಹೌಸ್’ಗಳು, ಹಿರಿಯ ವಿದ್ಯಾರ್ಥಿಯೇ ಕಿರಿಯರನ್ನು ಆಳುವ ಪ್ರಿಫೆಕ್ಟ್ ವ್ಯವಸ್ಥೆ, ಸಂಜೆಯ ಆಟ. ಅವರ ಹೆಸರಿನ ಶಾಲೆಯನ್ನು ಬೆಂಗಳೂರಿನಲ್ಲಿ 1865ರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಪೆಟ್ಟಿಗ್ರ್ಯೂ ಆರಂಭಿಸಿದರು. ಮರುವರ್ಷವೇ ಕಾಟನ್ ಬಂಗಾಳದಲ್ಲಿ ನದಿಗೆ ಜಾರಿಬಿದ್ದು ತೀರಿಕೊಂಡರು. 1871ರಿಂದ ಈ ಶಾಲೆಯನ್ನು ಕಟ್ಟಿ ನಿಲ್ಲಿಸಿದವರು ಜಿ.ಯು. ಪೋಪ್. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಆ ಪೋಪ್‌ರೇ ಇವರು. ತಮಿಳಿನ ಮಹಾ ವಿದ್ವಾಂಸನೊಬ್ಬ ನಡೆಸಿದ ಶಾಲೆಯಾದರೂ ಅದು ಹುಟ್ಟಿದ್ದು ಬಿಳಿಯರ ಮಕ್ಕಳನ್ನು ಬಿಳಿಯರಾಗಿಯೇ ಉಳಿಸಲು. ಬೆಂಗಳೂರಿನ ದಂಡುಪ್ರದೇಶ ಒಂದು ಜಗತ್ತು, ಪೇಟೆ ಇನ್ನೊಂದು ಜಗತ್ತು.

ನಮ್ಮ ಕಲಬುರಗಿ ಭಾಗ ಆಗ ನಿಜಾಮರ ಆಡಳಿತದಲ್ಲಿತ್ತು. ಹೈದರಾಬಾದಿನಲ್ಲಿ ಈ ಮಾದರಿ ಬಿಳಿಯರಿಂದ ನವಾಬರಿಗೆ ದಾಟಿತು. 1923ರಲ್ಲಿ ಇಂಗ್ಲೆಂಡಿನ ಈಟನ್ ಶಾಲೆಯ ಮಾದರಿಯಲ್ಲಿ ಜಾಗೀರ್‌ದಾರ್ ಕಾಲೇಜು ಆರಂಭವಾಯಿತು. ಜಾಗೀರ್‌ದಾರರ ಮಕ್ಕಳಿಗಷ್ಟೇ ಪ್ರವೇಶ. 1949ರಲ್ಲಿ ಜಾಗೀರುಗಳು ರದ್ದಾದ ಮೇಲೆ ಅದೇ ಶಾಲೆ ಹೈದರಾಬಾದ್ ಪಬ್ಲಿಕ್ ಸ್ಕೂಲ್ ಆಗಿ ಇತರರಿಗೂ ತೆರೆದುಕೊಂಡಿತು. ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ ಓದಿದ್ದು ಅಲ್ಲೇ.

ಅದೇ ಹೈದರಾಬಾದಿನ ಇನ್ನೊಂದು ಶಾಲೆಗೆ ಬಂದ ಮುಖ್ಯೋಪಾಧ್ಯಾಯರ ಕಥೆ ಬೇರೆ. ಮಾರ್ಮಡ್ಯೂಕ್ ಪಿಕ್‌ಥಾಲ್ ಇಂಗ್ಲೆಂಡಿನ ಹ್ಯಾರೋ ಬೋರ್ಡಿಂಗ್ ಶಾಲೆಯ ವಿದ್ಯಾರ್ಥಿ, ಅಲ್ಲಿ ಚರ್ಚಿಲ್‌ರ ಸಮಕಾಲೀನರು. 1917ರಲ್ಲಿ ಬಹಿರಂಗವಾಗಿ ಇಸ್ಲಾಮ್ ಸ್ವೀಕರಿಸಿ, ಮುಂಬಯಿಯಲ್ಲಿ ಪತ್ರಿಕೆ ನಡೆಸಿ, ರಾಷ್ಟ್ರೀಯ ಚಳವಳಿಯ ಪರ ಬರೆದರು. 1925ರಲ್ಲಿ ಚಾದರ್‌ಘಾಟ್ ಹೈಸ್ಕೂಲಿನ ಪ್ರಿನ್ಸಿಪಾಲರಾದರು. ಅವರ ಕುರ್‌ಆನ್ ಅನುವಾದ 1930ರಲ್ಲಿ ಪ್ರಕಟವಾದದ್ದು ಈ ಹೈದರಾಬಾದಿನ ವರ್ಷಗಳಲ್ಲೇ. ಬ್ರಿಟಿಷ್ ಬೋರ್ಡಿಂಗ್ ಶಾಲೆ ಸಾಮ್ರಾಜ್ಯದ ಅಧಿಕಾರಿಗಳನ್ನು ತಯಾರಿಸುವ ಯಂತ್ರವಾಗಿತ್ತು ಎಂಬ ಮಾತು ಬಹುಮಟ್ಟಿಗೆ ನಿಜ. ಆ ಯಂತ್ರದಿಂದ ಪಿಕ್‌ಥಾಲ್‌ರಂಥವರೂ ಹೊರಬಂದರು.

ನಿಜಾಮರ ರಾಜ್ಯದಲ್ಲೂ ದಖನಿ–ಆಫಾಕಿ ಜಗಳ ಹೊಸ ಹೆಸರಿನಲ್ಲಿ ಮರಳಿತ್ತು: ಮುಲ್ಕಿ, ಗೈರ್ ಮುಲ್ಕಿ. ಉತ್ತರದಿಂದ ಬಂದವರು ನೌಕರಿಗಳನ್ನೆಲ್ಲ ಹಿಡಿಯುತ್ತಾರೆಂಬ ಸ್ಥಳೀಯರ ದೂರಿಗೆ ಉತ್ತರವಾಗಿ 1919ರ ಫರ್ಮಾನು 15 ವರ್ಷಗಳ ವಾಸದ ನಿಯಮ ತಂದಿತು. ಹೈದರಾಬಾದ್ ಕರ್ನಾಟಕಕ್ಕೆ 2012ರ ಸಂವಿಧಾನ ತಿದ್ದುಪಡಿಯಿಂದ ದೊರೆತ 371ಜೆ ವಿಧಿಯ ಹಿಂದೆಯೂ ಇದೇ ಕೊರಗು ಇದೆ. ನಮ್ಮ ಊರಿನಲ್ಲಿ ಶಾಲೆ, ನೌಕರಿ ಇದ್ದರೂ ನಮ್ಮ ಮಕ್ಕಳಿಗೆ ಇಲ್ಲವೇ ಎಂಬ ಕೊರಗು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅದರಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದರೆ ಈ ಜಿಲ್ಲೆಯದು ಶೇ. 65ರ ಆಸುಪಾಸು. ಸಿಮೆಂಟ್ ಕಾರ್ಖಾನೆಗಳು ಬಂದು ದಶಕಗಳಾದ ಮೇಲಿನ ಲೆಕ್ಕ ಇದು.

ಇಲ್ಲಿಗೆ ಬರುವ ಪರದೇಶಿಗಳ ಬಗ್ಗೆ ಇಷ್ಟು ಹೇಳಿದ ಮೇಲೆ ಇಲ್ಲಿಂದ ಪರದೇಶಿಗಳಾಗಿ ಹೋಗುವವರನ್ನು ಬಿಡುವುದು ಹೇಗೆ? ಸುಗ್ಗಿ ಮುಗಿದರೆ ಚಿಂಚೋಳಿಯ ತಾಂಡಾಗಳಿಂದ, ಸೇಡಂನ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೊರಡುತ್ತವೆ. ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರು. ಕೆಲವರು ಕಬ್ಬು ಕಡಿಯಲು, ಉಳಿದವರು ಕಟ್ಟಡದ ಕೆಲಸಕ್ಕೆ. ಮಳಖೇಡದ ಸಿಮೆಂಟು ಹೋದ ಊರಿಗೇ ಅದನ್ನು ಕಲಸುವ ಕೈಗಳೂ ಹೋಗುತ್ತವೆ. ಕೂಸಿದ್ದವರು ಕೂಸಿನ ಜೊತೆ, ಶಾಲೆಗೆ ಹೋಗುವ ಮಗುವಿದ್ದವರು ಅದನ್ನೂ ಶಾಲೆ ಬಿಡಿಸಿಕೊಂಡು. ಕೆಲಸದ ಸಲುವಾಗಿ ಊರು ಬಿಟ್ಟ ತಂದೆತಾಯಿ, ನಡುವರ್ಷದಲ್ಲಿ ಬದಲಾಗುವ ವಾಸ, ತಿಳಿಯದ ಭಾಷೆಯ ಊರು. ಬೋರ್ಡಿಂಗ್ ಶಾಲೆ ಯಾವ ತೊಂದರೆಗೆ ಹುಟ್ಟಿತೋ ಆ ತೊಂದರೆಯೇ ಇದು, ಅಕ್ಷರಶಃ.

ಸರಕಾರ ಏನೂ ಮಾಡಿಲ್ಲವೆಂದಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು 1990ರ ದಶಕದಿಂದ ನಡೆಯುತ್ತಿವೆ. 2004ರಲ್ಲಿ ಹೆಣ್ಣುಮಕ್ಕಳಿಗೆಂದು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಬಂದವು. ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಋತುಮಾನದ ವಸತಿ ಕೇಂದ್ರ, ಕೆಲಸದ ಜಾಗದಲ್ಲಿ ಟೆಂಟ್ ಶಾಲೆ ಎಂಬ ಯೋಜನೆಗಳೂ ಇವೆ. ಆದರೆ ವಸತಿ ಶಾಲೆಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಪರೀಕ್ಷೆಯ ಸುದ್ದಿ ಊರಿಗೆ ಬರುವ ಹೊತ್ತಿಗೆ ಮಗು ಪುಣೆಯ ಯಾವುದೋ ಕಟ್ಟಡದ ಬುಡದಲ್ಲಿ ತಮ್ಮನನ್ನು ಎತ್ತಿಕೊಂಡಿರುತ್ತದೆ. ಮುಂಗಾರಿಗೆ ಮನೆಯವರೊಡನೆ ಮರಳಿದಾಗ ಅವನ ಜೊತೆಯವರು ಮುಂದಿನ ತರಗತಿಯಲ್ಲಿರುತ್ತಾರೆ.