ಎಂಜಿನ್ ಶಕ್ತಿ ದುಪ್ಪಟ್ಟಾದರೆ ಡ್ರ್ಯಾಗ್ ರೇಸ್ ಸಮಯ ಅರ್ಧಕ್ಕೆ ಇಳಿಯುತ್ತದೆಯೇ?

ಇಲ್ಲ. ಸಮಯ ಇಳಿಯುವುದು ಸುಮಾರು ಐದನೇ ಒಂದು ಭಾಗ ಮಾತ್ರ. ಅರ್ಧಕ್ಕೆ ಇಳಿಸಬೇಕೆಂದರೆ ಎಂಟು ಪಟ್ಟು ಶಕ್ತಿ ಬೇಕು.

ಲೆಕ್ಕ ಹೇಗೆ?

ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಡುವ ಸ್ಪರ್ಧೆ. ಇದರ ಸಮಯ ಅಂದಾಜಿಸಲು ಅಮೆರಿಕದ ಪ್ಯಾಟ್ರಿಕ್ ಹೇಲ್ ಅವರ ಸೂತ್ರ ಜನಪ್ರಿಯ. ಅದನ್ನು ಕಿಲೋಗ್ರಾಂಗೆ ಬದಲಿಸಿದರೆ ಹೀಗಾಗುತ್ತದೆ: ಚಾಲಕನೂ ಸೇರಿದ ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ, ಬಂದ ಸಂಖ್ಯೆಯ ಘನಮೂಲವನ್ನು 7.58ರಿಂದ ಗುಣಿಸಿ. ಉತ್ತರ ಸೆಕೆಂಡುಗಳಲ್ಲಿ ಬರುತ್ತದೆ.

1,500 ಕೆ.ಜಿ. ತೂಕ, 150 ಅಶ್ವಶಕ್ತಿಯ ಕಾರನ್ನು ತೆಗೆದುಕೊಳ್ಳೋಣ. ಭಾಗಿಸಿದರೆ 10. ಅದರ ಘನಮೂಲ 2.154. ಸಮಯ ಸುಮಾರು 16.3 ಸೆಕೆಂಡು. ಶಕ್ತಿಯನ್ನು 300ಕ್ಕೆ ಏರಿಸಿದರೆ ಸುಮಾರು 13 ಸೆಕೆಂಡು. 150 ಅಶ್ವಶಕ್ತಿಯನ್ನೇ ಉಳಿಸಿಕೊಂಡು 150 ಕೆ.ಜಿ. ತೂಕ ಇಳಿಸಿದರೆ 15.8 ಸೆಕೆಂಡು.

ಇಷ್ಟು ಕಡಿಮೆ ಲಾಭ ಏಕೆ?

ವೇಗ ಏರಿದಂತೆ ಅದೇ ಅಶ್ವಶಕ್ತಿಯಿಂದ ಕಾರಿಗೆ ಸಿಗುವ ತಳ್ಳುವ ಬಲ ಇಳಿಯುತ್ತಾ ಹೋಗುತ್ತದೆ. ಜೊತೆಗೆ ಹೆಚ್ಚು ಶಕ್ತಿಯ ಕಾರು ಬೇಗ ಗುರಿ ಮುಟ್ಟುವುದರಿಂದ ಆ ಶಕ್ತಿಗೆ ಕೆಲಸ ಮಾಡಲು ಸಿಗುವ ಸಮಯವೂ ಕಡಿಮೆ. ಶಕ್ತಿ ಸ್ಥಿರವಾಗಿದೆ ಎಂದುಕೊಂಡು ಭೌತಶಾಸ್ತ್ರದ ನಿಯಮಗಳಿಂದ ಲೆಕ್ಕ ಹಾಕಿದರೂ ಇದೇ ಘನಮೂಲ ಸಿಗುತ್ತದೆ.

ಎಷ್ಟು ನಂಬಬಹುದು?

ಇದು ಅಂದಾಜು ಮಾತ್ರ. ಟೈರ್ ಹಿಡಿತ, ಗೇರ್ ಬದಲಿಸುವ ಕೌಶಲ, ರಸ್ತೆ, ಗಾಳಿ ಯಾವುದೂ ಈ ಲೆಕ್ಕದಲ್ಲಿ ನೇರವಾಗಿ ಇಲ್ಲ. ಹೊರಡುವಾಗ ಚಕ್ರ ಜಾರಿದರೆ ಹೆಚ್ಚಿನ ಶಕ್ತಿ ವ್ಯರ್ಥ. ದಿನಬಳಕೆಯ ಕಾರು ಸೂತ್ರ ಹೇಳುವುದಕ್ಕಿಂತ ನಿಧಾನವಾಗಿ ಓಡುವುದೇ ಹೆಚ್ಚು.

ಮರೆಯಬಾರದ ಇನ್ನೊಂದು ಲೆಕ್ಕ

ಹೇಲ್ ಅವರದೇ ಇನ್ನೊಂದು ಸೂತ್ರದ ಪ್ರಕಾರ ಗುರಿ ದಾಟುವಾಗ ನಮ್ಮ ಮೊದಲ ಕಾರಿನ ವೇಗ ಗಂಟೆಗೆ ಸುಮಾರು 134 ಕಿ.ಮೀ. ಶಕ್ತಿ ದುಪ್ಪಟ್ಟಾದಾಗ ಅದು ಸುಮಾರು 169 ಕಿ.ಮೀ. ಬ್ರೇಕ್ ಹಾಕಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ ಬ್ರೇಕ್ ಮತ್ತು ಟೈರ್ ಮೊದಲಿನವೇ ಆಗಿದ್ದರೆ ಸುಮಾರು 60 ಶೇಕಡಾ ಹೆಚ್ಚು ದೂರ ಬೇಕು. ಉಳಿಯುವ ಸಮಯ ಮೂರು ಚಿಲ್ಲರೆ ಸೆಕೆಂಡು ಮಾತ್ರ.

ರೇಸ್ ಟ್ರ್ಯಾಕ್‌ನಲ್ಲಿ ಗುರಿಯ ಆಚೆ ನಿಲ್ಲಿಸಲೆಂದೇ ಉದ್ದನೆಯ ಖಾಲಿ ದಾರಿ ಇರುತ್ತದೆ. ಊರಿನ ರಸ್ತೆಯಲ್ಲಿ ಆ ಜಾಗದಲ್ಲಿ ಜನರಿರುತ್ತಾರೆ. ಆದ್ದರಿಂದ ಈ ಲೆಕ್ಕವನ್ನು ಕಾಗದದ ಮೇಲೆ ಎಲ್ಲಿ ಬೇಕಾದರೂ ಮಾಡಿ; ಪರೀಕ್ಷೆ ಮಾತ್ರ ಟ್ರ್ಯಾಕ್‌ನಲ್ಲೇ ಇರಲಿ.