ನಮ್ಮ ಚಿತ್ರ ಬರೆದವರು ಯಾರು?



ಓದೋಕೆ ಮುಂಚೆ ಒಂದು ಕೆಲಸ ಮಾಡಿ ನೋಡಿ. ನಿಮ್ಮ ಮನೆಯಲ್ಲಿ ನಿಮ್ಮ ಅಜ್ಜಿಯದೋ ತಾತನದೋ ವಯಸ್ಸಿನ ಕಾಲದ ಒಂದು ಫೋಟೋ ಇದೆಯಾ ಹುಡುಕಿ. ನಾನು ಹುಡುಕಿದೆ. ಸಿಕ್ಕಿದ್ದು ಅಜ್ಜಿಯ ವೋಟರ್ ಕಾರ್ಡ್ ಒಂದೇ. ಅದರಲ್ಲಿ ಅಜ್ಜಿ ಯಾರೋ ಬೈದ ಹಾಗೆ ಮುಖ ಮಾಡಿಕೊಂಡಿದ್ದಾರೆ. ತಾತನದು ಅದೂ ಇಲ್ಲ. ಊರೊಳಗಿನ ದೊಡ್ಡ ಮನೆಗಳಲ್ಲಾದರೆ ಮೂರು ತಲೆಮಾರು ಹಾರ ಹಾಕ್ಕೊಂಡು ಗೋಡೆ ಮೇಲೆ ಸಾಲಾಗಿ ಕೂತಿರ್ತಾರೆ.

ಸಂಘದ ಕಟ್ಟಡದ ಹೊರಗೋಡೆಗೆ ಚಿತ್ರ ಬರೆಸೋದು ಅಂತ ಸಭೆಯಲ್ಲಿ ತೀರ್ಮಾನ ಆಯಿತಲ್ಲ, ಅವತ್ತಿನಿಂದ ಈ ವಿಷಯ ನನ್ನ ತಲೆ ಕೊರೀತಿದೆ. ಬಾಬಾಸಾಹೇಬರ ಚಿತ್ರಕ್ಕೆ ಯಾರದೂ ತಕರಾರಿಲ್ಲ. ಪಕ್ಕದ ಜಾಗದಲ್ಲಿ ತಮಟೆ ಬರೆಸಬೇಕು ಅಂತ ಕೆಲವರು, ತಮಟೆಯಿಂದಲೇ ನಮಗೆ ಅವಮಾನ ಆಗಿದ್ದು ಅದು ಬೇಡ ಅಂತ ಕೆಲವರು. ನಾನು ಬೇಡ ಅನ್ನೋರ ಪಕ್ಷ. ಆದರೆ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಬಿ.ಎ. ಚರಿತ್ರೆ ಓದೋಳು, ಮೊದಲು ಓದಿ ನೋಡೋಣ, ಆಮೇಲೆ ಮಾತಾಡೋಣ ಅಂದುಕೊಂಡೆ.

ಮೊದಲು ಹೋಗಿದ್ದು ಧರ್ಮಪುರಿ ಸರ್ಕಾರಿ ಮ್ಯೂಸಿಯಂಗೆ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಸಿಕ್ಕ ವೀರಗಲ್ಲುಗಳನ್ನು ಅಲ್ಲಿ ತಂದಿಟ್ಟಿದ್ದಾರೆ. ತಮಿಳಿನಲ್ಲಿ ನಡುಕಲ್ ಅಂತಾರೆ. ದನ ಹೊಡೆದುಕೊಂಡು ಹೋಗೋರ ಜೊತೆ ಕಾದು ಸತ್ತವನ ನೆನಪಿಗೆ ನೆಟ್ಟ ಕಲ್ಲು. ಕೈಯಲ್ಲಿ ಬಿಲ್ಲು, ಕತ್ತಿ, ಕಾಲ ಹತ್ತಿರ ದನ. ರಾಜನ ಚಿತ್ರ ಅಲ್ಲ, ಊರಿನ ಒಬ್ಬ ಆಳಿನ ಚಿತ್ರ, ಅದಕ್ಕೇ ನನಗೆ ಇಷ್ಟ ಆಯ್ತು. (ಇದೇ ಧರ್ಮಪುರಿಯಲ್ಲಿ 9ನೇ ಶತಮಾನದ ನೊಳಂಬರ ಕನ್ನಡ ಶಾಸನ ಸಿಕ್ಕಿದೆ. ಕನ್ನಡ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ ಅಂತ ಸ್ನೇಹಿತರಿಗೆ ಹೇಳಿ.) ಆದರೆ ನಿಂತು ನೋಡ್ತಾ ನೋಡ್ತಾ ಒಂದು ಅನುಮಾನ ಬಂತು. ದನ ಕಾದು ಸತ್ತವನಿಗೆ ಕಲ್ಲು ನೆಟ್ಟರು. ದನ ಸತ್ತರೆ ಹೊತ್ತವರು, ತೊಗಲು ಸುಲಿದು ಹದ ಮಾಡಿದವರು ಆಗಲೂ ಇದ್ದಿರಬೇಕಲ್ಲ? ಅವರಿಗೆ ಯಾವ ಕಲ್ಲು?

ಅಲ್ಲಿಂದ ಸಾವಿರ ವರ್ಷ ಹಾರಿ ಬನ್ನಿ. 1792ರಲ್ಲಿ ಬಾರಾಮಹಲ್ ಸೀಮೆ ಟಿಪ್ಪುವಿನ ಕೈಯಿಂದ ಕಂಪನಿ ಕೈಗೆ ಹೋಯಿತು. ಅದೇ ವರ್ಷ ಥಾಮಸ್ ಡೇನಿಯಲ್, ವಿಲಿಯಂ ಡೇನಿಯಲ್ ಅನ್ನೋ ಇಂಗ್ಲಿಷ್ ಚಿತ್ರಕಾರರು ಈ ಕಡೆ ತಿರುಗಾಡಿದರು. ಒಬ್ಬ ಚಿಕ್ಕಪ್ಪ, ಇನ್ನೊಬ್ಬ ಅಣ್ಣನ ಮಗ. ರಾಯಕೋಟೆ ಬೆಟ್ಟವನ್ನು ಅವರು ಬರೆದದ್ದು ಇವತ್ತಿಗೂ ಪ್ರಸಿದ್ಧ. ಬೆಟ್ಟ, ಕೋಟೆ, ಆಕಾಶ ಎಲ್ಲಾ ಚೆಂದ. ಮನುಷ್ಯರು ಮಾತ್ರ ಉಗುರಿನಷ್ಟು. ಅವರ ಪಲ್ಲಕ್ಕಿ ಹೊತ್ತವರ ಹೆಸರು ಚಿತ್ರದ ಕೆಳಗೆ ಇಲ್ಲ. ಆಮೇಲೆ 1909ರಲ್ಲಿ ಮದ್ರಾಸ್ ಮ್ಯೂಸಿಯಂನ ಅಧಿಕಾರಿ ಥರ್ಸ್ಟನ್ ಏಳು ಸಂಪುಟ ತಂದರು, ದಕ್ಷಿಣದ ಜಾತಿ-ಬುಡಕಟ್ಟುಗಳ ಮೇಲೆ. ಹೊಲೆಯ, ಮಾದಿಗ ಎಲ್ಲರೂ ಅದರಲ್ಲಿ ಇದ್ದೀವಿ. ತಲೆ, ಮೂಗು ಅಳೆದು ಬರೆದುಕೊಂಡ ಕಾಲ ಅದು. ನಮ್ಮನ್ನು ಅಷ್ಟು ಹತ್ತಿರದಿಂದ ನೋಡಿದರು, ಆದರೆ ಸಂತೆಯಲ್ಲಿ ದನದ ಹಲ್ಲು ನೋಡೋ ಹಾಗೆ.

ಮದ್ರಾಸ್ ಮರೀನಾದಲ್ಲಿ 1959ರಲ್ಲಿ ನಿಲ್ಲಿಸಿದ ಕಾರ್ಮಿಕರ ಪ್ರತಿಮೆಯನ್ನು ಟೂರ್ ಹೋದಾಗ ನೀವೂ ನೋಡಿರ್ತೀರಿ. ದೇವಿಪ್ರಸಾದ್ ರಾಯ್ ಚೌಧುರಿ ಮಾಡಿದ್ದು. ನಾಲ್ಕು ಜನ ಗಂಡಸರು ಬಂಡೆ ಉರುಳಿಸ್ತಾ ಇದ್ದಾರೆ. ಆ ಬೆನ್ನು, ಆ ತೊಡೆ ನೋಡಿ ನನಗೆ ಕಲ್ಲು ಕ್ವಾರಿಗೆ ಹೋಗೋ ನಮ್ಮ ಮಾಮಂದಿರು ನೆನಪಾದರು, ಹೆಮ್ಮೆ ಆಯ್ತು. ಕ್ವಾರಿಯಲ್ಲಿ ಜಲ್ಲಿ ಹೊರೋ ಅತ್ತೆಯರು ಅಲ್ಲಿಲ್ಲ, ಅದೊಂದು ಬೇಜಾರು.

ಇನ್ನು ಈ ಕಾಲದವರ ವಿಷಯ. ಸವಿ ಸಾವರ್ಕರ್ ಅಂತ ಒಬ್ಬ ಕಲಾವಿದರು, 1961ರಲ್ಲಿ ನಾಗಪುರದಲ್ಲಿ ಹುಟ್ಟಿದ ದಲಿತರು. ಬರೋಡಾದಲ್ಲಿ ಕಲಿತು ದಿಲ್ಲಿಯ ಕಲಾ ಕಾಲೇಜಿನಲ್ಲಿ ಪಾಠ ಮಾಡಿದವರು. ಅವರ ಚಿತ್ರಗಳನ್ನು ಫೋನಿನಲ್ಲಿ ನೋಡ್ತಿದ್ದೆ. ಒಂದರಲ್ಲಿ ಅಸ್ಪೃಶ್ಯನ ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ. ಪೇಶ್ವೆಗಳ ಪುಣೆಯಲ್ಲಿ ಉಗುಳು ನೆಲಕ್ಕೆ ಬೀಳಬಾರದು ಅಂತ ಮಡಕೆ, ಹೆಜ್ಜೆ ಗುರುತು ಉಳೀಬಾರದು ಅಂತ ಪೊರಕೆ. ಬಾಬಾಸಾಹೇಬರೇ 1936ರ 'ಜಾತಿ ವಿನಾಶ'ದಲ್ಲಿ ಇದನ್ನು ಹೇಳಿದ್ದಾರೆ. ನಿಜ ಹೇಳ್ತೀನಿ, ನನಗೆ ಸಿಟ್ಟು ಬಂತು. ಗೆರೆ ಒರಟು, ಮೈ ಸೊಟ್ಟ. ಇದನ್ನೆಲ್ಲಾ ಮತ್ತೆ ಯಾಕೆ ತೋರಿಸಬೇಕು? ನಮ್ಮನ್ನು ಚೆಂದ ಬರೆಯೋಕೆ ನಮ್ಮವರಿಗೂ ಆಗಲ್ವಾ?

ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸ್ತಾ ಕೂತಿದ್ದ ಅಜ್ಜಿ, "ಏನಮ್ಮ ಅದು, ಕೊಡಿಲ್ಲಿ" ಅಂದರು. ತುಂಬಾ ಹೊತ್ತು ನೋಡಿದರು. "ನಮ್ಮಪ್ಪ ಊರೊಳಗೆ ಕೂಲಿ ಕೇಳಕ್ ಹೋದ್ರೆ ಹಿಂಗೇ ನಿಂತ್ಕಳೋರು. ಮಡಕೆ ಇರ್ಲಿಲ್ಲ, ಅಷ್ಟೇ" ಅಂದರು. ಆಮೇಲೆ ಕೇಳಿದರು, "ಇದನ್ನ ಬರೆದೋನು ನಮ್ಮೋನಾ?" ಹೌದು ಅಂದೆ. "ಅದ್ಕೇ ಕಣ್ಣು ಸರಿಯಾಗಿ ಬರೆದವ್ನೆ."

ನಾನು ಮೈ ನೋಡಿದ್ದೆ. ಅಜ್ಜಿ ಕಣ್ಣು ನೋಡಿದ್ದರು. ಮತ್ತೆ ಫೋನ್ ತಗೊಂಡು ನೋಡಿದೆ. ಆ ಮನುಷ್ಯ ನಮ್ಮ ಕರುಣೆ ಕೇಳ್ತಿಲ್ಲ, ಯಾರು ಮಾಡಿದ್ದು ಇದನ್ನ ಅಂತ ಕೇಳ್ತಿದ್ದಾನೆ. ಅವಮಾನ ಅವನದಲ್ಲ, ಮಡಕೆ ಕಟ್ಟಿದವರದು ಅನ್ನೋದು ಆಗ ಹೊಳೀತು. ತಮಟೆ ವಿಷಯದಲ್ಲಿ ನಾನು ಪಕ್ಷ ಬದಲಾಯಿಸಿದ್ದು ಅವತ್ತೇ.

ಇನ್ನೊಬ್ಬರು ನಮ್ಮ ತಮಿಳುನಾಡಿನವರೇ, ಮಧುರೈ ಕಡೆಯ ಫೋಟೋಗ್ರಾಫರ್ ಪಳನಿಕುಮಾರ್. ಮೀನು ಮಾರುವ ತಾಯಿಯ ಮಗ, ಸಾಲ ಮಾಡಿ ಕ್ಯಾಮೆರಾ ತಗೊಂಡವರು. ಮಲ ಬಳಿಯುವವರ ಬಗ್ಗೆ 2017ರಲ್ಲಿ ಬಂದ 'ಕಕ್ಕೂಸ್' ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಕೆಲಸ ಮಾಡಿದರು. ಆ ಕೆಲಸ ನಿಷೇಧಿಸಿ 2013ರಲ್ಲಿ ಕಾನೂನು ಬಂದಿದೆ, ಗುಂಡಿಯೊಳಗೆ ಸಾಯೋದು ಮಾತ್ರ ನಿಂತಿಲ್ಲ. ಸತ್ತವರ ಹೆಂಡತಿ-ಮಕ್ಕಳ ಮನೆಗೆ ಹೋಗಿ ಅವರು ತೆಗೆದ ಫೋಟೋಗಳಿವೆ. ಅವರ ಫೋಟೋದಲ್ಲಿ ಯಾರೂ ಕದ್ದು ತೆಗೆದ ಹಾಗೆ ಕಾಣಲ್ಲ. ಕ್ಯಾಮೆರಾ ಹಿಡಿದವನಿಗೆ ಮನೆಯೊಳಗೆ ಜಾಗ ಕೊಟ್ಟಿದ್ದಾರೆ ಅನ್ನೋದು ಗೊತ್ತಾಗುತ್ತೆ. ಇದಕ್ಕಿಂತ ದೊಡ್ಡದು, ಈಗ ಅವರು ಪೌರಕಾರ್ಮಿಕರ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟು ಕಲಿಸ್ತಿದ್ದಾರೆ. ಥರ್ಸ್ಟನ್ ಅಳತೆ ಟೇಪು ಹಿಡಿದ ರಾಜ್ಯದಲ್ಲೇ ಇದು ನಡೀತಿದೆ.

ಬಾಬಾಸಾಹೇಬರ ಚಿತ್ರದ ಬಗ್ಗೆಯೂ ಒಂದು ಮಾತು. ದಿಲ್ಲಿ ಪಾರ್ಲಿಮೆಂಟಿನಲ್ಲಿ 1967ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆ ಮಾಡಿದವರು ಬಿ.ವಿ. ವಾಘ್. ಆ ಎತ್ತಿದ ಕೈ ಈಗ ಹಳ್ಳಿ ಹಳ್ಳಿಯಲ್ಲಿದೆ. ನಮ್ಮ ರಾಜ್ಯದಲ್ಲಿ ಎಷ್ಟೋ ಕಡೆ ಅದರ ಸುತ್ತ ಕಬ್ಬಿಣದ ಕಂಬಿ ಗೂಡು. ಪ್ರತಿಮೆಗೆ ಕಾವಲು ಅಂತಾರೆ. ಚಿಕ್ಕ ಮಕ್ಕಳಿಗೆ ಬಾಬಾಸಾಹೇಬರು ಜೈಲಲ್ಲಿದ್ದಂತೆ ಕಾಣುತ್ತೆ. ನಮ್ಮ ಗೋಡೆಗೆ ಕಂಬಿ ಬೇಡ ಅಂತ ನನ್ನ ಮನವಿ.

ಪಕ್ಕದ ಜಾಗಕ್ಕೆ ನಾನು ಕೇಳೋದು ಇಷ್ಟು. ತಮಟೆ ಬರೆಸೋಣ, ಆದರೆ ಬರೀ ತಮಟೆ ಬೇಡ, ಬಾರಿಸಿದ ತಾತಂದಿರ ಮುಖ ಇರಲಿ. ಜಲ್ಲಿ ಹೊತ್ತ ಅಜ್ಜಿಯರ ಮುಖ ಇರಲಿ. ಕೆಳಗೆ ಹೆಸರು ಇರಲಿ. ಮುಖ ಎಲ್ಲಿಂದ ತರೋದು ಅಂತೀರಾ? 2012ರ ನವೆಂಬರ್ 7ರಂದು ನಮ್ಮದೇ ಜಿಲ್ಲೆಯ ನತ್ತಂ, ಕೊಂಡಂಪಟ್ಟಿ, ಅಣ್ಣಾನಗರ ಕಾಲನಿಗಳಿಗೆ ಬೆಂಕಿ ಇಟ್ಟರು. ಸುಟ್ಟ ಮನೆಯಲ್ಲಿ ಫೋಟೋ ಉಳಿಯುತ್ತಾ, ನೀವೇ ಹೇಳಿ. ನಮ್ಮ ಮನೆಗಳಲ್ಲಿ ಉಳಿದಿರೋದು ಟ್ರಂಕಿನ ಅಡಿಯಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನ ಮೇಲೆ ಇದೆ. ಭಾನುವಾರ ಸಂಜೆ ಸಂಘದ ರೂಮಿನಲ್ಲಿ ಇರ್ತೀನಿ. ತನ್ನಿ, ಫೋನಿನಲ್ಲಿ ತೆಗೆದುಕೊಂಡು ಅಲ್ಲೇ ವಾಪಸ್ ಕೊಡ್ತೀನಿ. ಧೂಳಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಣ್ಣ ಕಿತ್ತು ಬರುತ್ತೆ. ಫೋಟೋ ಇಲ್ಲದವರು ಹಿರಿಯರನ್ನೇ ಕರೆದುಕೊಂಡು ಬನ್ನಿ.

ನಮ್ಮ ಅಜ್ಜಿ ಆಗಲೇ ಒಪ್ಪಿದ್ದಾರೆ. ಹಸಿರು ಸೀರೆ ಉಟ್ಕೊಂಡು ಬರ್ತಾರಂತೆ, ಕೂತ್ಕೊಂಡು ತೆಗೆಯಬೇಕಂತೆ, ಅದೂ ಕುರ್ಚಿ ಮೇಲೆ.