ಸಾಲು ಬಿಟ್ಟು ದಾರಿ ಹಿಡಿದ ಕ್ವೆರಿ

ಟೇಬಲ್‌ಗಳಿಂದ ಮಾಹಿತಿ ಕೇಳುವ ಎಸ್‌ಕ್ಯೂಎಲ್, ಎಕ್ಸ್‌ಎಂಎಲ್ ಕಡತಗಳಿಂದ ಕೇಳುವ ಎಕ್ಸ್‌ಕ್ವೆರಿ, ಈ ಎರಡೂ ಭಾಷೆಗಳ ಹುಟ್ಟಿನಲ್ಲೂ ಡೊನಾಲ್ಡ್ ಚೇಂಬರ್ಲಿನ್ ಅವರ ಕೈಯಿದೆ. 1970ರಲ್ಲಿ ಎಡ್ಗರ್ ಕಾಡ್ ಮುಂದಿಟ್ಟ ರಿಲೇಷನಲ್ ಮಾದರಿಯನ್ನು ಹಿಡಿದು, ಐಬಿಎಂನಲ್ಲಿ ರೇಮಂಡ್ ಬಾಯ್ಸ್ ಜೊತೆಗೂಡಿ 1974ರಲ್ಲಿ ಅವರು ಪ್ರಕಟಿಸಿದ ಸೀಕ್ವೆಲ್ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಆಯಿತು. ಕಾಲು ಶತಮಾನ ಕಳೆದು, 2000ದಲ್ಲಿ, ಜೊನಾಥನ್ ರೋಬಿ ಮತ್ತು ಡೇನಿಯೆಲಾ ಫ್ಲೋರೆಸ್ಕು ಅವರೊಡನೆ ಎಕ್ಸ್‌ಎಂಎಲ್‌ಗಾಗಿ ‘ಕ್ವಿಲ್ಟ್’ ರೂಪಿಸಿದರು. ಕ್ವಿಲ್ಟ್ ಅಂದರೆ ನಮ್ಮ ಕೌದಿ. ಎಕ್ಸ್‌ಪಾತ್‌ನಿಂದ ದಾರಿ ಬರೆಯುವ ಬಗೆ, ಎಸ್‌ಕ್ಯೂಎಲ್‌ನಿಂದ ವಾಕ್ಯದ ಕಟ್ಟು, ಹೀಗೆ ಬೇರೆಬೇರೆ ಬಟ್ಟೆಯ ತುಂಡುಗಳನ್ನು ಹೊಲಿದ ಭಾಷೆ ಅದು. ಅದೇ ಬೆಳೆದು ಎಕ್ಸ್‌ಕ್ವೆರಿ ಆಯಿತು.

ಬೆಳವಣಿಗೆ ನಿಧಾನದ್ದು. ಎಕ್ಸ್‌ಎಂಎಲ್ 1998ರಲ್ಲಿ, ಎಕ್ಸ್‌ಪಾತ್ 1999ರಲ್ಲಿ ಡಬ್ಲ್ಯು3ಸಿ ಶಿಫಾರಸುಗಳಾದವು, ಎಕ್ಸ್‌ಕ್ವೆರಿ 1.0 ಬಂದದ್ದು 2007ರ ಜನವರಿಯಲ್ಲಿ. ಎಸ್‌ಕ್ಯೂಎಲ್ ಬಲ್ಲವರು ಮೊದಲ ದಿನವೇ ಹುಡುಕುವ ‘ಗ್ರೂಪ್ ಬೈ’ ಸೇರಲು 2014ರ 3.0 ಆವೃತ್ತಿಯವರೆಗೆ ಕಾಯಬೇಕಾಯಿತು. 2017ರ 3.1ರಲ್ಲಿ ಜೇಸನ್‌ಗೆಂದು ಮ್ಯಾಪ್, ಅರೇಗಳು ಬಂದವು.

ಫಾರ್, ಲೆಟ್, ವೇರ್, ಆರ್ಡರ್ ಬೈ, ರಿಟರ್ನ್: ಎಕ್ಸ್‌ಕ್ವೆರಿ ವಾಕ್ಯದ ಈ ಐದು ಭಾಗಗಳ ಮೊದಲಕ್ಷರ ಕೂಡಿಸಿ ‘ಫ್ಲವರ್’ ಎನ್ನುತ್ತಾರೆ. ಸೆಲೆಕ್ಟ್ ಎಂಬುದು ರಿಟರ್ನ್ ಆಗಿ ಕೊನೆಗೆ ಹೋಗಿದೆ, ಉಳಿದದ್ದೆಲ್ಲ ಗೊತ್ತಿದ್ದದ್ದೇ ಎಂದು ಹೊಸಬರಿಗೆ ಅನಿಸುತ್ತದೆ. ಆ ಪರಿಚಿತ ಮುಖವೇ ದಾರಿ ತಪ್ಪಿಸುತ್ತದೆ. ನನ್ನ ಮಟ್ಟಿಗೆ, ಕಲಿಕೆ ಫ್ಲವರ್‌ನಿಂದ ಶುರುವಾಗಬಾರದು, ಪಾತ್‌ನಿಂದ ಶುರುವಾಗಬೇಕು. ಟೇಬಲ್‌ಗಳಲ್ಲಿ ಪುಸ್ತಕ ಒಂದು ಕಡೆ, ಲೇಖಕ ಇನ್ನೊಂದು ಕಡೆ. ಜಾಯಿನ್ ಮಾಡಿ ಕೂಡಿಸುತ್ತೇವೆ. ಎಕ್ಸ್‌ಎಂಎಲ್‌ನಲ್ಲಿ ಲೇಖಕ ಪುಸ್ತಕದ ಒಳಗೇ ಕೂತಿರುತ್ತಾನೆ. //ಪುಸ್ತಕ/ಲೇಖಕ ಎಂದರೆ ಸಾಕು. (ಟ್ಯಾಗ್‌ಗಳಿಗೆ ಕನ್ನಡದ ಹೆಸರನ್ನೇ ಇಡಬಹುದು, ಎಕ್ಸ್‌ಎಂಎಲ್ ಅದನ್ನು ಒಪ್ಪುತ್ತದೆ.)

ದೊಡ್ಡ ಪೆಟ್ಟು ಬೀಳುವುದು ಹೋಲಿಕೆಯಲ್ಲಿ. ಗಿರಿಜಾ ಮತ್ತು ಮಂಜುಳಾ ಸೇರಿ ಬರೆದ ಪುಸ್ತಕವೊಂದಿದೆ ಎನ್ನಿ. ಅದಕ್ಕೆ ಲೇಖಕ = "ಗಿರಿಜಾ" ನಿಜ; ಲೇಖಕ != "ಗಿರಿಜಾ" ಕೂಡ ನಿಜ. ಎಡಗಡೆ ಇರುವುದು ಒಂದು ಮೌಲ್ಯವಲ್ಲ, ಒಂದು ಸರಣಿ. ಅದರಲ್ಲಿ ಯಾರಾದರೊಬ್ಬರು ಹೊಂದಿದರೂ ಉತ್ತರ ನಿಜವೇ. ಗಿರಿಜಾ ಬರೆಯದ ಪುಸ್ತಕ ಬೇಕಿದ್ದರೆ ‘ಸಮ’ದ ಹೋಲಿಕೆಯನ್ನು ಇಡಿಯಾಗಿ ‘ನಾಟ್’ ಫಂಕ್ಷನ್‌ನೊಳಗೆ ಹಾಕಬೇಕು. ಇದೊಂದನ್ನು ಅರಗಿಸಿಕೊಂಡರೆ ಅರ್ಧ ಎಕ್ಸ್‌ಕ್ವೆರಿ ಬಂದಂತೆ.

ಇನ್ನೊಂದು, ಮೌನ. ಎಸ್‌ಕ್ಯೂಎಲ್‌ನಲ್ಲಿ ಕಾಲಂ ಹೆಸರು ತಪ್ಪಿದರೆ ಎರರ್ ಬರುತ್ತದೆ. ಸ್ಕೀಮಾ ಇಲ್ಲದ ಎಕ್ಸ್‌ಎಂಎಲ್‌ನಲ್ಲಿ ಟ್ಯಾಗ್ ಹೆಸರು ತಪ್ಪಿದರೆ ಖಾಲಿ ಸರಣಿ, ಅಷ್ಟೇ. ಕನ್ನಡ ವಿಕಿಪೀಡಿಯದ ಡಂಪ್ ಕಡತವನ್ನು ತೆರೆದು ‘ಪೇಜ್’ ಟ್ಯಾಗ್ ಹುಡುಕಿದವರಿಗೆ ಹೆಸರು ಸರಿಯಿದ್ದೂ ಏನೂ ಸಿಗದಿರಬಹುದು. ಮೂಲ ಟ್ಯಾಗ್‌ನಲ್ಲಿ ಮೀಡಿಯಾವಿಕಿಯ ನೇಮ್‌ಸ್ಪೇಸ್ ಘೋಷಣೆಯಾಗಿರುವುದರಿಂದ ಕ್ವೆರಿಯಲ್ಲೂ ಅದನ್ನು ಹೇಳಬೇಕು. ಇಂಥದ್ದನ್ನು ಪತ್ತೆಹಚ್ಚಲು, ಒಂದರೊಳಗೊಂದು ಕೂತ ಟ್ಯಾಗ್‌ಗಳ ಮರವನ್ನು ಕಣ್ಣಿಗೆ ತೋರಿಸುವ ಸಾಧನ ಬೇಕು. ಹೊಸಬರಿಗೆ ನಾನು ಹೇಳುವುದು ಜರ್ಮನಿಯ ಕೊನ್‌ಸ್ಟಾಂಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬೇಸ್‌ಎಕ್ಸ್. ವುಲ್ಫ್‌ಗಾಂಗ್ ಮೈಯರ್ 2000ದಲ್ಲಿ ಆರಂಭಿಸಿದ ಎಕ್ಸಿಸ್ಟ್ ಕೂಡ ಮುಕ್ತ ತಂತ್ರಾಂಶವೇ.

ರಿಲೇಷನಲ್ ಪಾಳಯವೂ ಸುಮ್ಮನಿರಲಿಲ್ಲ. 2003ರ ಎಸ್‌ಕ್ಯೂಎಲ್ ಮಾನಕಕ್ಕೆ ಎಕ್ಸ್‌ಎಂಎಲ್‌ನದೇ ಭಾಗ ಸೇರಿತು. 2006ರಲ್ಲಿ ಅದು ಎಕ್ಸ್‌ಕ್ವೆರಿಯನ್ನೂ ಒಳಗೆ ಬಿಟ್ಟುಕೊಂಡಿತು. ಅಲ್ಲಿಯ ‘ಎಕ್ಸ್‌ಎಂಎಲ್‌ಟೇಬಲ್’ ಮರವನ್ನು ಸಾಲುಗಳಾಗಿ ಬಿಡಿಸುತ್ತದೆ. ಪೋಸ್ಟ್‌ಗ್ರೆಸ್ ಇದನ್ನು 2017ರ 10ನೇ ಆವೃತ್ತಿಯಲ್ಲಿ ತಂದರೂ ಒಳಗೆ ಎಕ್ಸ್‌ಪಾತ್ 1.0 ಮಾತ್ರ ನಡೆಯುತ್ತದೆ. ಅಲ್ಲಿ ಪುಸ್ತಕಕ್ಕೊಂದು ಸಾಲು ಮಾಡಿ, ಲೇಖಕನನ್ನು ಒಂದು ಟೆಕ್ಸ್ಟ್ ಕಾಲಂಗೆ ತರಲು ಹೋದರೆ, ಗಿರಿಜಾ–ಮಂಜುಳಾರ ಪುಸ್ತಕ ಬಂದೊಡನೆ ಒಂದಕ್ಕಿಂತ ಹೆಚ್ಚು ಮೌಲ್ಯ ಬಂತೆಂದು ಕ್ವೆರಿ ನಿಂತುಹೋಗುತ್ತದೆ. ಆಗ ಲೇಖಕನಿಗೊಂದು ಸಾಲು ಮಾಡಿ, ಶೀರ್ಷಿಕೆಗಾಗಿ ../ಶೀರ್ಷಿಕೆ ಎಂದು ಒಂದು ಮೆಟ್ಟಿಲು ಮೇಲೆ ಹತ್ತಬೇಕು.